ಸಹಾಯ ಬೇಕು: ಅಮ್ಮನ ಹೊಟ್ಟೆಯೊಳಗೆ ಗಾಜ್ ಬಟ್ಟೆ, ಆಸ್ಪತ್ರೆಯವರು ದಾಖಲೆ ಕೊಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಏಳು ತಿಂಗಳ ಹಿಂದೆ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಅವತ್ತಿನಿಂದ ಹೊಟ್ಟೆನೋವು ಬಿಟ್ಟೇ ಇಲ್ಲ. ಕೇಳಿದಾಗಲೆಲ್ಲ 'ಗ್ಯಾಸ್ ಅಷ್ಟೇ' ಅಂತ ಮಾತ್ರೆ ಬರೆದು ಕಳಿಸಿದರು. ಹೋದ ವಾರ ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಒಳಗೆ ಗಾಜ್ ಬಟ್ಟೆ (ಆಪರೇಷನ್ ವೇಳೆ ರಕ್ತ ಒರೆಸುವ ಬಟ್ಟೆ) ಉಳಿದಿರುವುದು ಕಂಡಿತು.

ರೋಗಿ ಥಿಯೇಟರ್ ಬಿಡುವ ಮೊದಲು ಬಟ್ಟೆ, ಸೂಜಿ, ಉಪಕರಣಗಳ ಎಣಿಕೆ ಮುಗಿದಿದೆ ಎಂದು ನರ್ಸ್ ಬಾಯಿಬಿಟ್ಟು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಚೆಕ್‌ಲಿಸ್ಟ್‌ನಲ್ಲೇ ಇದೆ. ಆ ಎಣಿಕೆ ಶೀಟ್, ಆಪರೇಷನ್ ನೋಟ್ಸ್ ಕೇಳಿ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡಿದ್ದೇನೆ. ಸುಮ್ನೆ ಅಲೆದಾಡಿಸುತ್ತಿದ್ದಾರೆ.

ಗುರುವಾರ ಮತ್ತೆ ಆಪರೇಷನ್. ತೆಗೆದ ಬಟ್ಟೆಯನ್ನು ಸಾಕ್ಷಿಯಾಗಿ ಉಳಿಸಲು ಯಾರಿಗೆ, ಹೇಗೆ ಬರೆದುಕೊಡಬೇಕು? ದೂರಿನ ಗಡುವು ಮೊದಲ ಆಪರೇಷನ್ ದಿನದಿಂದಲೋ, ನಮಗೆ ಗೊತ್ತಾದ ದಿನದಿಂದಲೋ? ಇಂಥ ಕೇಸ್ ನಡೆಸಿದ ವಕೀಲರು ಇದ್ದರೆ ದಯವಿಟ್ಟು ತಿಳಿಸಿ.