ನಾಲ್ಕು ನಿಮಿಷದ ವಿಜ್ಞಾನ ಸುದ್ದಿ: ಏನು ಬಿಟ್ಟರೆ ಸುಳ್ಳಾಗುತ್ತದೆ?

ಸಕಲೇಶಪುರ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ಶನಿವಾರ ಸಂಜೆ ನಾಲ್ಕು ನಿಮಿಷದ ಒಂದು ಆಡಿಯೋ ಮಾಡಿ ಮಕ್ಕಳ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಆ ವಾರದ ಒಂದು ವಿಜ್ಞಾನ ಸುದ್ದಿ, ಅಷ್ಟೇ. ಈಗ ಇದನ್ನೇ ಪಾಡ್‌ಕಾಸ್ಟ್ ಮಾಡಿ ಎಂದು ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ಮೊದಲು ನನಗೆ ಒಂದು ವಿಷಯ ಬಗೆಹರಿಯಬೇಕು.

ಇದು ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ. 23ನೇ ತಾರೀಖು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತಲ್ಲ, ಮಕ್ಕಳನ್ನೆಲ್ಲ ಶಾಲೆಯಲ್ಲೇ ಕೂರಿಸಿಕೊಂಡು ಟಿವಿಯಲ್ಲಿ ನೋಡಿದ್ದೆವು. ಮಾರನೇ ದಿನ ಎಸ್ಟೇಟ್ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಗೇಟಿನ ಹತ್ತಿರ ನಿಂತು ಕೇಳಿದರು. "ಇಳೀತಲ್ಲ ಟೀಚರೇ, ಇಳಿದು ಅಲ್ಲಿ ಏನು ಮಾಡುತ್ತೆ?" ಹೇಳಲು ಹೋದೆ. ಅಷ್ಟರಲ್ಲಿ ಅವರ ಜೀಪು ಬಂತು. ಸಂಜೆ ಮನೆಗೆ ಬಂದು ಫೋನಿನಲ್ಲೇ ಮಾತಾಡಿ ಕಳಿಸಿದೆ. ಮರುದಿನ ಊಟದ ಹೊತ್ತಿಗೆ ಕೆಲಸದವರೆಲ್ಲ ಸುತ್ತ ಕೂತು ಕೇಳಿದರಂತೆ.

ಕೆಲವೇ ದಿನಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ಮಣ್ಣಿನ ಬಿಸಿ ಅಳೆದ ಸುದ್ದಿ ಬಂತು. ಮೇಲೆ ಸುಮಾರು 50 ಡಿಗ್ರಿ. ಬರೀ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ. ನಾನು ಉಷ್ಣವಾಹಕತೆ ಅದು ಇದು ಎಂದು ಹೇಳಿ ರೆಕಾರ್ಡ್ ಮಾಡಿ ನಮ್ಮ ಅತ್ತೆಗೆ ಕೇಳಿಸಿದೆ. ಅವರು ಕೊಟ್ಟಿಗೆ ಕೆಲಸ ಮುಗಿಸಿ ಬಂದು ಕೂತಿದ್ದರು. "ಗೇಣುದ್ದ ಇಲ್ಲದ ಜಾಗದಲ್ಲಿ ಅಷ್ಟು ವ್ಯತ್ಯಾಸ ಹೆಂಗೆ? ಬಿಸಿ ಕೆಳಗೆ ಇಳಿಯಲ್ವಾ?" ಎಂದರು. ಅಲ್ಲಿರುವುದು ಸಡಿಲವಾದ ನುಣ್ಣನೆ ಪುಡಿ, ನಡುವೆ ಗಾಳಿಯೂ ಇಲ್ಲ, ಅದಕ್ಕೆ ಬಿಸಿ ಸುಲಭವಾಗಿ ದಾಟುವುದಿಲ್ಲ ಎಂದೆ. "ಹಾಗಾದರೆ ಬೂದಿ ಥರ ಅನ್ನು" ಎಂದರು.

ಅವರು ಮದುವೆಯಾಗಿ ಈ ಮನೆಗೆ ಬಂದ ಕಾಲದಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರಂತೆ. ಬೆಳಿಗ್ಗೆ ಬೂದಿ ಸರಿಸಿದರೆ ಒಳಗೆ ಕೆಂಡ ಹಾಗೇ ಇರುತ್ತಿತ್ತು. ಮೇಲೆ ಕೈ ಇಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ. ಒಲೆಯಲ್ಲಿ ಬಿಸಿ ಹೊರಗೆ ಬರದಂತೆ ಬೂದಿ ತಡೆಯುತ್ತದೆ. ಚಂದ್ರನಲ್ಲಿ ಬಿಸಿಲಿನ ಬಿಸಿ ಒಳಗೆ ಹೋಗದಂತೆ ಪುಡಿ ತಡೆಯುತ್ತದೆ. ಹಳೆಯದನ್ನು ಅಳಿಸಿ, ಅತ್ತೆಯ ಬೂದಿಯಿಂದಲೇ ಶುರುಮಾಡಿ ಮತ್ತೆ ರೆಕಾರ್ಡ್ ಮಾಡಿದೆ. ಇವತ್ತಿಗೂ ಜನ ನೆನಪಿಟ್ಟುಕೊಂಡು ಮಾತಾಡುವುದು ಆ ಕಂತಿನ ಬಗ್ಗೆಯೇ.

ಈಗ ನನ್ನನ್ನು ಕಾಡುತ್ತಿರುವ ವಿಷಯ. ಕೆಲವು ತಿಂಗಳ ಹಿಂದೆ, ಕ್ಯಾನ್ಸರ್ ಗಡ್ಡೆ ಕುಗ್ಗಿಸಿದ ಒಂದು ಔಷಧದ ಸುದ್ದಿ ಹೇಳಿದ್ದೆ. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ. ಅದನ್ನು ಹೇಳಿದ್ದೆ ಕೂಡ, ಆದರೆ ಮೂರನೇ ನಿಮಿಷದಲ್ಲಿ, ಒಂದೇ ಸಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಒಬ್ಬರು ಶಾಲೆಗೆ ಬಂದರು. ಅವರ ತಾಯಿಗೆ ಹುಷಾರಿಲ್ಲ. ಡಾಕ್ಟರ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. "ಆ ಔಷಧಿ ಹಾಸನದಲ್ಲಿ ಸಿಗುತ್ತಾ, ಮಂಗಳೂರಿಗೇ ಹೋಗಬೇಕಾ ಟೀಚರೇ?" ಎಂದು ಕೇಳಿದರು. ಅವರಿಗೆ ಉತ್ತರ ಹೇಳುವಾಗ ನನ್ನ ಗಂಟಲು ಕಟ್ಟಿತು. ಆಮೇಲೆ ಎರಡು ವಾರ ಆಡಿಯೋ ಮಾಡಲು ಆಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಾಲ್ಕು ನಿಮಿಷಕ್ಕೆ ಇಳಿಸಬೇಕಾದರೆ ಬಹಳಷ್ಟು ಬಿಡಲೇಬೇಕು. ಯಾವುದನ್ನು ಬಿಟ್ಟರೆ ಸುದ್ದಿ ಸುಮ್ನೆ ಚಿಕ್ಕದಾಗುತ್ತದೆ, ಯಾವುದನ್ನು ಬಿಟ್ಟರೆ ಸುಳ್ಳಾಗುತ್ತದೆ? ಕಠಿಣ ಪದಗಳ ವಿಷಯದಲ್ಲೂ ಸಲಹೆ ಬೇಕು. ಮಳೆಗಾಲದಲ್ಲಿ ರೆಕಾರ್ಡಿಂಗ್ ಹೇಗೆ ಮಾಡುವುದು ಎಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಹಳೇ ಮೈಕು:

ಮೇಡಂ, ನಾನು ಹಾಸನದಲ್ಲಿ ಹಲವು ವರ್ಷ ರೇಡಿಯೋ ಉದ್ಘೋಷಕನಾಗಿದ್ದೆ. ನೀವು ಇಲಿ ಎಂಬ ಮಾತನ್ನು ಬಿಟ್ಟಿಲ್ಲ. ಆದರೆ ಇಟ್ಟ ಜಾಗ ತಪ್ಪಾಗಿದೆ. ಪೇಪರ್ ಓದುವವರು ಹಿಂದಿನ ಸಾಲಿಗೆ ಹೋಗಿ ಮತ್ತೆ ನೋಡಬಹುದು. ಕೇಳುವವರಿಗೆ ಅದು ಆಗುವುದಿಲ್ಲ. ಮೊದಲ ಅರ್ಧ ನಿಮಿಷದಲ್ಲಿ ಆಸೆ ಹುಟ್ಟಿತು ಎಂದರೆ ಮೂರನೇ ನಿಮಿಷದ ಎಚ್ಚರಿಕೆ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕನ್ನಡದ ವಾಕ್ಯದಲ್ಲೇ ಇದೆ. ಕ್ರಿಯಾಪದ ಬರುವುದು ಕೊನೆಗೆ. "ಇಲಿಗಳ ಮೇಲೆ ನಡೆಸಲಾದ ಪ್ರಯೋಗದಲ್ಲಿ ಗಡ್ಡೆಗಳ ಗಾತ್ರ ಕುಗ್ಗಿರುವುದು ಕಂಡುಬಂದಿದೆ ಎಂದು ವಿಜ್ಞಾನಿಗಳು ತಿಳಿಸಿದ್ದಾರೆ." ಪೇಪರಿನಲ್ಲಿ ಇದು ಸರಿ. ಕಿವಿಗೆ ಮಾತ್ರ "ಗಡ್ಡೆ ಕುಗ್ಗಿದೆ, ವಿಜ್ಞಾನಿಗಳು ಹೇಳಿದ್ದಾರೆ" ಎಂಬುದಷ್ಟೇ ಉಳಿಯುತ್ತದೆ. ಇಲಿ ಎಲ್ಲೋ ಹಿಂದೆ ಬಿದ್ದುಹೋಗಿರುತ್ತದೆ. ಒಡೆದು ಹೇಳಿ. "ಇದು ಇಲಿಗಳ ಸುದ್ದಿ. ಮನುಷ್ಯರಿಗೆ ಈ ಔಷಧ ಇನ್ನೂ ಕೊಟ್ಟಿಲ್ಲ. ಇಲಿಗಳಲ್ಲಿ ಗಡ್ಡೆ ಕುಗ್ಗಿದೆ." ಹೀಗೆ ಹೇಳಿದರೆ ಸಮಯವೂ ಉಳಿಯುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಾರ ಮೇಲೆ ನೋಡಿದರು, ಹೇಗೆ ಗೊತ್ತಾಯಿತು, ನಮ್ಮ ತನಕ ಬರಲು ಇನ್ನೇನು ಬಾಕಿ ಇದೆ, ಇವನ್ನು ಬಿಡಬೇಡಿ. ವಿಶ್ವವಿದ್ಯಾಲಯದ ಹೆಸರು, ಪತ್ರಿಕೆಯ ಹೆಸರು, ಎರಡನೇ ಮೂರನೇ ಅಂಕಿ ಹೋದರೂ ನಷ್ಟ ಇಲ್ಲ. ಒಂದು ಕಂತಿಗೆ ಒಂದೇ ಅಂಕಿ ಸಾಕು. ಅದನ್ನು ಎರಡು ಸಲ ಹೇಳಿ.

ಅಂಕಿಯನ್ನು ಊರಿನ ಅಳತೆಗೆ ತನ್ನಿ. ನಮ್ಮ ಹಾಸನದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಅವು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಅಂದರೆ ಆ ದಾರಿಯನ್ನು ಒಂಬೈನೂರು ಸಲ ಹೋದಷ್ಟು ದೂರ. ನಿಮ್ಮ ಕೇಳುಗರಿಗೆ ಆ ಬಸ್ಸಿನ ದಾರಿ ಚೆನ್ನಾಗಿ ಗೊತ್ತು.

ಬಾಳೆಹೊನ್ನೂರು ಕಡೆಯವ:

ಟೀಚರೇ, ನಾನು ಸಣ್ಣ ಬೆಳೆಗಾರ. ಹಳೇ ಮೈಕು ಅವರ ಮಾತು ಸರಿ, ಆದರೆ ಬರೀ "ಇಲಿ, ಮನುಷ್ಯ ಅಲ್ಲ" ಎಂದರೆ ಜನರಿಗೆ ಕಾರಣ ಗೊತ್ತಾಗುವುದಿಲ್ಲ. ಇಲಿಗೆ ಆದದ್ದು ನಮಗೆ ಯಾಕೆ ಆಗಲ್ಲ ಎಂದು ಕೇಳಿಯೇ ಕೇಳುತ್ತಾರೆ. ಕಾಫಿ ಪಾತಿಯಿಂದ ಹೇಳಿ ನೋಡಿ. ಪಾತಿಯಲ್ಲಿ ಚಪ್ಪರದ ಕೆಳಗೆ, ದಿನಾ ನೀರು ಹಾಕಿ ಬೆಳೆಸಿದ ಸಸಿ ಎಷ್ಟು ಚೆನ್ನಾಗಿರುತ್ತೆ! ತೋಟದಲ್ಲಿ ನೆಟ್ಟ ಮೇಲೆ ಬಿಸಿಲು, ಮಳೆ, ಎಲೆ ತುಕ್ಕು ರೋಗ, ಕಾಂಡ ಕೊರೆಯುವ ಬೋರರ್ ಹುಳ ಎಲ್ಲ ದಾಟಬೇಕು. ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಪ್ರಯೋಗಶಾಲೆಯ ಇಲಿ ಅಂದರೆ ಪಾತಿಯ ಸಸಿ. ಎಲ್ಲ ಒಂದೇ ವಯಸ್ಸು, ಒಂದೇ ಆಹಾರ, ಬೇರೆ ಕಾಯಿಲೆ ಇಲ್ಲ. ಮನುಷ್ಯರ ಪರೀಕ್ಷೆಗೆ ಬಂದ ಔಷಧಗಳಲ್ಲೂ ಹತ್ತಕ್ಕೆ ಸುಮಾರು ಒಂಬತ್ತು ಅಂಗಡಿಗೆ ಬರುವುದೇ ಇಲ್ಲ. ಇದನ್ನು ನಮ್ಮ ತೋಟದ ಯಾರಿಗೆ ಹೇಳಿದರೂ ಥಟ್ ಅಂತ ಹಿಡಿಯುತ್ತಾರೆ.

ಕಠಿಣ ಪದದ ಬಗ್ಗೆ: ಜೀನ್, ವೈರಸ್ ಎಂಬ ಪದಗಳನ್ನು ಹಾಗೇ ಇಡಿ. ನಮ್ಮಲ್ಲಿ ಓದದವರೂ ಅರೇಬಿಕಾ, ರೋಬಸ್ಟಾ, ಬೋರರ್ ಎಂದೇ ಹೇಳುವುದು. ಕಾಂಡಕೊರಕ ಎಂದರೆ ಅರೆಕ್ಷಣ ಯೋಚಿಸುತ್ತಾರೆ. ಪದ ಹೊಸದಾದರೆ ತೊಂದರೆ ಇಲ್ಲ, ಅದು ಏನು ಮಾಡುತ್ತೆ ಎಂದು ಒಂದು ಸಲ ಹೇಳಿದರೆ ಆಯಿತು.

ಒಂದು ಸುದ್ದಿಯನ್ನು ನೀವು ಮಾಡಲೇಬೇಕು. 2024ರಲ್ಲಿ ಅರೇಬಿಕಾ ಗಿಡದ ಪೂರ್ತಿ ಜೀನ್‌ಗಳನ್ನು ಓದಿದ ವರದಿ ಬಂತು. ಸುಮಾರು 6 ಲಕ್ಷ ವರ್ಷದ ಹಿಂದೆ ಆಫ್ರಿಕಾದ ಕಾಡಿನಲ್ಲಿ ಎರಡು ಜಾತಿಯ ಕಾಫಿ ತಾವಾಗೇ ಕೂಡಿ ಅರೇಬಿಕಾ ಹುಟ್ಟಿತಂತೆ. ಹೆತ್ತ ಜಾತಿಗಳಲ್ಲಿ ಒಂದು ಯಾವುದು ಗೊತ್ತಾ? ನಮ್ಮ ರೋಬಸ್ಟಾ! ಕಂಬಿಯ ಆಚೆ ಈಚೆ ಎರಡನ್ನೂ ಬೆಳೆಯುತ್ತೇವೆ, ಒಂದು ಮೇಲು ಒಂದು ಕೀಳು ಎಂದು ಬೆಲೆ ಕಟ್ಟುತ್ತೇವೆ. ಇದನ್ನು ಹೇಳಿದಾಗ ನಮ್ಮ ತೋಟದ ಮೇಸ್ತ್ರಿ ಕುಯ್ಲು ನಿಲ್ಲಿಸಿ ನನ್ನನ್ನೇ ನೋಡುತ್ತಾ ನಿಂತರು. ಒಂದೇ ಬೀಜದಿಂದ ಬಂದ ಹಾಗೆ ಅರೇಬಿಕಾ ಗಿಡಗಳಲ್ಲಿ ವ್ಯತ್ಯಾಸ ಕಡಿಮೆ, ಅದಕ್ಕೇ ತುಕ್ಕು ರೋಗ ಬಂದರೆ ತಡೆಯುವುದು ಕಷ್ಟ ಎಂದು ಮುಂದೆ ಅರ್ಧ ಗಂಟೆ ಮಾತಾಡಿದೆವು. ಇಂಥದ್ದಕ್ಕೆ ನಾಲ್ಕು ನಿಮಿಷ ಸಾಲದು. ಎರಡು ಕಂತು ಮಾಡಿ, ಜನ ಕಾಯುತ್ತಾರೆ.

ಹಾಸನ ಹುಡುಗ:

ರೆಕಾರ್ಡಿಂಗ್‌ಗೆ ದುಡ್ಡು ಹಾಕಬೇಡಿ ಮೇಡಂ. ಫೋನ್ ಸಾಕು. ಶೀಟಿನ ಮನೆಯಾದರೆ ಮಳೆಯಲ್ಲಿ ಏನು ಮಾಡಿದರೂ ಆಗಲ್ಲ, ಮಳೆ ಬಿಡುವು ಕೊಟ್ಟಾಗಲೇ ಮಾಡಿ. ಹಂಚಿನ ಮನೆಯಾದರೆ ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ಕೂತು, ತಲೆ ಮೇಲೆ ಕಂಬಳಿ ಹೊದ್ದುಕೊಂಡು ಮಾತಾಡಿ. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಗೆ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್ ಇಟ್ಟರೆ ನಾಲ್ಕು ನಿಮಿಷಕ್ಕೆ 2 ಎಂಬಿ ಕೂಡ ಆಗಲ್ಲ. ಘಾಟಿಯ ನೆಟ್‌ವರ್ಕಿಗೂ ಇಳಿಯುತ್ತೆ. ಪಾಡ್‌ಕಾಸ್ಟ್ ಮಾಡಿದರೂ ವಾಟ್ಸಾಪ್ ನಿಲ್ಲಿಸಬೇಡಿ.

ಕೊಪ್ಪದ ಆಶಾ:

ಅಕ್ಕಾ, ನಾನು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಬಗ್ಗೆ ಒಂದು ಮಾಡಿಕೊಡಿ. ಚಳಿಗಾಲದಿಂದ ಬೇಸಿಗೆ ತನಕ ನಮಗೆ ಅದೇ ಕೆಲಸ. ಹೆಸರಿನಿಂದಾಗಿ ಜನ ಮಂಗನನ್ನು ಮಾತ್ರ ನೋಡುತ್ತಾರೆ. ಕಚ್ಚಿ ಕಾಯಿಲೆ ಹರಡುವುದು ಉಣ್ಣೆ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣುಗು. ಕಾಡಿಗೆ ಹೋಗುವ ಮೊದಲು ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ ಎಂದು ಮನೆಮನೆಗೆ ಹೇಳುತ್ತೇವೆ. "ಯಾಕೆ" ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಸಮಯ ಇರುವುದಿಲ್ಲ. ನಿಮ್ಮ ದನಿಯಲ್ಲಿ ಆ ನಾಲ್ಕು ನಿಮಿಷ ಇದ್ದರೆ ಜಗುಲಿಯಲ್ಲೇ ಫೋನ್ ಇಟ್ಟು ಕೇಳಿಸುತ್ತೇನೆ.

ಸಕಲೇಶಪುರ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಆ ಔಷಧದ ಕಂತನ್ನು ಹೊಸದಾಗಿ ಮಾಡಿದೆ. ಮೊದಲ ಮಾತೇ "ಇದು ಇಲಿಗಳ ಸುದ್ದಿ." ಆಮೇಲೆ ಕಾಫಿ ಪಾತಿ. ಅತ್ತೆಗೆ ಕೇಳಿಸಿ, ಏನು ತಿಳಿಯಿತು ಎಂದೆ. "ಸಸಿ ಚೆನ್ನಾಗಿದೆ, ತೋಟಕ್ಕೆ ಇನ್ನೂ ಹಾಕಿಲ್ಲ" ಎಂದರು. ಇನ್ನು ಮೇಲೆ ಅವರು ಹೀಗೆ ತಿರುಗಿ ಹೇಳುವ ತನಕ ಯಾವ ಕಂತನ್ನೂ ಕಳಿಸುವುದಿಲ್ಲ.

ಗುಂಪಿಗೆ ಹಾಕುವ ಮೊದಲು, ಅವತ್ತು ಶಾಲೆಗೆ ಬಂದವರ ಮನೆಗೆ ಹೋಗಿ ಬಂದೆ. ಅವರ ತಾಯಿಯೂ ಇದ್ದರು. ನಾನು ಆ ದಿನ ಸರಿಯಾಗಿ ಹೇಳಿರಲಿಲ್ಲ, ತಪ್ಪಾಯಿತು ಎಂದೆ. ಅವರು ಕಾಫಿ ಕೊಟ್ಟರು. ಹೊಸ ಆಡಿಯೋವನ್ನು ಪೂರ್ತಿ ಕೇಳಿದರು. ಆ ಅಮ್ಮ ನಿಧಾನವಾಗಿ "ಹಾಗಾದರೆ ಚಂದ್ರನ ಬೂದಿ ಹೇಳಿದ್ದೂ ನೀವೇ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ಅದನ್ನು ಇನ್ನೊಂದು ಸಲ ಹಾಕಿ ಎಂದರು. ಕೂತು ಕೇಳಿದೆವು.

ಮುಂದಿನ ಶನಿವಾರ ಮಂಗನ ಕಾಯಿಲೆ. ಅದರ ನಂತರ ಅರೇಬಿಕಾ, ಎರಡು ಕಂತು.