ಕೂಸಿನ ಎದೆಯಾಗ ತೂತು: ಗ್ರೇಡಿಯೆಂಟ್ 64 ಅಂದ್ರೇನು, ಎರಡನೇ ಕೂಸಿಗೂ ಬರ್ತದೇನು?

ಪ್ರಶ್ನೆ (ಸೇಡಂ): ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಮ್ಮ ತಂಗಿ ಕೂಸಿಗೆ ಈಗ ಎರಡು ತಿಂಗಳು. ಹುಟ್ಟಿದಾಗ ಎಲ್ಲಾ ಛಲೋ ಅದ ಅಂದಿದ್ರು. ಮೊನ್ನೆ ಸೂಜಿ ಹಾಕಸ್ಲಾಕ ಹೋದಾಗ ಎದಿಯಾಗ ಜೋರು ಸಪ್ಪಳ ಬರ್ಲಾಕತ್ತದ ಅಂತ ಎಕೋ (ಹಾರ್ಟಿನ ಸ್ಕ್ಯಾನಿಂಗ್) ಬರೆದುಕೊಟ್ರು. ರಿಪೋರ್ಟಿನಾಗ 'ಪೆರಿಮೆಂಬ್ರೇನಸ್ ವಿಎಸ್‌ಡಿ 4 ಮಿ.ಮೀ., ಗ್ರೇಡಿಯೆಂಟ್ 64' ಅಂತದ. 64 ಅಂದ್ರ ಭಾಳ ಆಯ್ತೇನ್ರಿ? ಮೊದಲೇ ಯಾಕ ಗೊತ್ತಾಗ್ಲಿಲ್ಲ?

ಉತ್ತರ (ಮಕ್ಕಳ ಹೃದಯ ತಜ್ಞರು): ವಿಎಸ್‌ಡಿ ಅಂದರೆ ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿರುವ ತೂತು. ಪೆರಿಮೆಂಬ್ರೇನಸ್ ಅಂದರೆ ಆ ಗೋಡೆಯ ತೆಳು ಪೊರೆಯಂಥ ಭಾಗದ ಹತ್ತಿರ ಇರುವಂಥದ್ದು. ಮೊದಲೇ ಗೊತ್ತಾಗದ್ದಕ್ಕೆ ಯಾರನ್ನೂ ಬೈಯಬೇಡ್ರಿ. ಹೊಟ್ಟೆಯಲ್ಲಿರುವಾಗ ಕೂಸು ಉಸಿರಾಡುವುದಿಲ್ಲ, ಹಾಗಾಗಿ ಶ್ವಾಸಕೋಶದ ರಕ್ತನಾಳ ಬಿಗಿದುಕೊಂಡೇ ಇರುತ್ತವೆ. ಹುಟ್ಟಿದ ಮೇಲೂ ಕೆಲವು ದಿನ ಹೃದಯದ ಬಲಗಡೆಯ ಒತ್ತಡ ಹೆಚ್ಚು ಕಡಿಮೆ ಎಡಗಡೆಯಷ್ಟೇ ಇರುತ್ತದೆ. ಎರಡೂ ಕಡೆ ಒತ್ತಡ ಸಮ ಇದ್ದರೆ ನಡುವಿನ ಗೋಡೆಯ ತೂತಿನಲ್ಲಿ ರಕ್ತ ಹರಿಯುವುದಿಲ್ಲ, ಸಪ್ಪಳವೂ ಬರುವುದಿಲ್ಲ. 4ರಿಂದ 6 ವಾರದೊಳಗೆ ಆ ನಾಳಗಳು ಸಡಿಲಾಗಿ ಬಲಗಡೆಯ ಒತ್ತಡ ಇಳಿಯುತ್ತದೆ. ಆಗ ಎಡಗಡೆಯ ರಕ್ತ ಬಲಕ್ಕೆ ನುಗ್ಗತೊಡಗುತ್ತದೆ. ಸೂಜಿ ಹಾಕಿಸುವ ಹೊತ್ತಿಗೆ ಸಪ್ಪಳ ಸಿಗುವುದು ಇದಕ್ಕೇ.

ಇನ್ನು 64. ಈ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ತೂತಿನ ಆಚೆಗೂ ಈಚೆಗೂ ಇರುವ ಒತ್ತಡದ ವ್ಯತ್ಯಾಸ ಅದು. ಎಕೋ ಯಂತ್ರ ರಕ್ತದ ವೇಗ ಅಳೆಯುತ್ತದೆ, ಆ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿದರೆ ವ್ಯತ್ಯಾಸ ಸಿಗುತ್ತದೆ. ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ 4×4×4, ಅಂದರೆ 64. ಕೂಸಿನ ಮೇಲಿನ ಬಿಪಿ 90 ಇದೆ ಅನ್ನಿ. 90ರಲ್ಲಿ 64 ಕಳೆದರೆ 26. ಬಲ ಕೆಳಕೋಣೆಯ ಒತ್ತಡ ಅಷ್ಟೇ, ಅದು ಸಹಜ. ಗ್ರೇಡಿಯೆಂಟ್ 15 ಅಂತ ಬಂದಿದ್ದರೆ ಬಲಗಡೆ 75 ಆಗುತ್ತಿತ್ತು. ಚಿಂತೆ ಮಾಡಬೇಕಾದ್ದು ಆಗ. ಸಪ್ಪಳದ ಲೆಕ್ಕವೂ ಇದೇ: ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಸದ್ದು ಹೆಚ್ಚು. ಸಣ್ಣ ತೂತಿನ ಸಪ್ಪಳ ಜೋರು, ದೊಡ್ಡದರದ್ದು ಹಲವು ಸಲ ಮೆತ್ತಗೆ.

ರಿಪೋರ್ಟಿನಲ್ಲಿ ಇನ್ನೆರಡು ಸಾಲು ಹುಡುಕ್ರಿ. ಒಂದು, ಎಡ ಮೇಲುಕೋಣೆ ಮತ್ತು ಎಡ ಕೆಳಕೋಣೆ ಹಿಗ್ಗಿವೆಯೇ? ತೂತಿನಿಂದ ಬಲಕ್ಕೆ ಹೋದ ರಕ್ತ ಶ್ವಾಸಕೋಶ ಸುತ್ತಿ ಎಡಗಡೆಗೇ ಮರಳುವುದರಿಂದ ಹಿಗ್ಗುವುದು ಎಡಗಡೆ. ಎರಡು, ಅಯೋರ್ಟಾ (ಎಡ ಕೆಳಕೋಣೆಯಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ) ಕವಾಟದ ಎಸಳು ತೂತಿನತ್ತ ಜೋತಿದೆಯೇ? ಜೋತುಬಿದ್ದು ಕವಾಟ ಸೋರತೊಡಗಿದರೆ ತೂತು ಸಣ್ಣದಿದ್ದರೂ ಮುಚ್ಚಿಸಬೇಕಾಗುತ್ತದೆ.

ಮನೆಯಲ್ಲಿ ನೋಡಬೇಕಾದ್ದು ತೂಕ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ವಾರಕ್ಕೊಮ್ಮೆ ಅಂಗನವಾಡಿಯ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸ್ರಿ. ಹಾಲು ಕುಡಿಯಲು ಅರ್ಧ ತಾಸು ಮೀರುವುದು, ನಡುನಡುವೆ ಬಿಟ್ಟು ಏದುಸಿರು ಬಿಡುವುದು, ಮಲಗಿದಾಗಲೂ ನಿಮಿಷಕ್ಕೆ 50ಕ್ಕಿಂತ ಹೆಚ್ಚು ಉಸಿರು, ಇವು ಕಂಡರೆ ತಡ ಮಾಡಬೇಡ್ರಿ. ಹಣೆ ಬೆವರುವುದೂ ಒಂದು ಗುರುತು, ಆದರೆ ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಯಾವ ಕೂಸು ಬೆವರುವುದಿಲ್ಲ? ನಸುಕಿನ ತಂಪಿನಲ್ಲಿ, ಫ್ಯಾನ್ ಕೆಳಗೆ ಹಾಲು ಕುಡಿಯುವಾಗ ಬೆವತರೆ ಲೆಕ್ಕಕ್ಕೆ ತಗೊಳ್ರಿ. ಮೂತ್ರ ಹೆಚ್ಚಿಸುವ ಔಷಧ ಶುರುವಾಗಿದ್ದು, ಬೇಸಿಗೆಯಲ್ಲಿ ಭೇದಿ ಹತ್ತಿದರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡ್ರಿ. ಮೈಯ ನೀರು ಎರಡೂ ಕಡೆಯಿಂದ ಹೋಗುತ್ತಿರುತ್ತದೆ.

ಇನ್ನೊಂದು ಮಾತು. ಮುಂದೆ ಸಪ್ಪಳ ತಾನಾಗೇ ಕಡಿಮೆಯಾದರೆ ಎರಡು ಕಾರಣ ಇರಬಹುದು. ತೂತು ಮುಚ್ಚುತ್ತಿರಬಹುದು. ಇಲ್ಲವೇ, ತೂತು ದೊಡ್ಡದಿದ್ದಲ್ಲಿ, ಹೆಚ್ಚಿನ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳು ಗಡುಸಾಗಿ ಬಲಗಡೆಯ ಒತ್ತಡ ಏರುತ್ತಿರಬಹುದು. ಎರಡನೆಯದು ಮುಂದುವರಿದರೆ ಹರಿವು ತಿರುಗಿ ಮಗು ನೀಲಿಗಟ್ಟುತ್ತದೆ, ಆಮೇಲೆ ಆಪರೇಷನ್ ಮಾಡುವಂತಿಲ್ಲ. ದೊಡ್ಡ ತೂತನ್ನು ಮೊದಲ ವರ್ಷದೊಳಗೇ ಮುಚ್ಚುವುದು ಇದೇ ಭಯಕ್ಕೆ. ಸಪ್ಪಳ ಹೋಯಿತೆಂದು ಶರಣಬಸಪ್ಪಗೆ ಕಾಯಿ ಒಡೆಸಿ ಬರ್ರಿ, ಬೇಡ ಅನ್ನುವುದಿಲ್ಲ. ಎಕೋ ಮಾಡಿಸಿಕೊಂಡು ಹೋಗ್ರಿ.

ಪ್ರಶ್ನೆ (ಅದೇ ಸೇಡಂನವರು): ತಂಗಿಗೆ ಕೊಟ್ಟಿದ್ದು ಖಾಸ ಸೋದರಮಾವಗೇ ರಿ. ಇದರಿಂದಾನೇ ಹಿಂಗಾಯ್ತು ಅಂತ ಮನ್ಯಾಗ ಜಗಳ. ಎರಡನೇದಕ್ಕೂ ಹಿಂಗೇ ಆಗ್ತದೇನು?

ಉತ್ತರ (ಜೆನೆಟಿಕ್ಸ್ ತಜ್ಞೆ): 'ಇದರಿಂದಾನೇ' ಅಂತ ಒಂದು ಕೂಸನ್ನು ತೋರಿಸಿ ಹೇಳಲು ಬರುವುದಿಲ್ಲ. ಸಂಬಂಧವೇ ಇಲ್ಲದ ದಂಪತಿಗಳನ್ನೂ ಸೇರಿಸಿ, ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ಕ್ಕೆ ಹೃದಯದ ದೋಷ ಇರುತ್ತದೆ. ಅದರಲ್ಲಿ ಸಾಮಾನ್ಯವಾದದ್ದೇ ಈ ವಿಎಸ್‌ಡಿ. ಸಂಬಂಧದಲ್ಲಿ ಮದುವೆಯಾದರೆ ಅಪಾಯ ಏರುವುದು ನಿಜ. ಕಾರಣ ಹೇಳುತ್ತೇನೆ. ಪ್ರತಿ ಜೀನ್‌ಗೆ ಎರಡು ಪ್ರತಿ, ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟಿದ್ದರೆ ಇನ್ನೊಂದು ನಿಭಾಯಿಸುತ್ತದೆ. ಸೋದರಮಾವ-ಸೊಸೆಯ ಜೀನ್‌ಗಳು ಕಾಲು ಭಾಗ ಒಂದೇ ಮೂಲದವು. ಅವರ ಕೂಸಿಗೆ ಯಾವುದೇ ಜೀನ್‌ನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಮಗನನ್ನು ಮಾಡಿಕೊಂಡಿದ್ದರೆ 16ರಲ್ಲಿ 1. ಆ ಹಿರಿಯರ ಪ್ರತಿ ಕೆಟ್ಟದ್ದಾಗಿದ್ದರೆ ಕೂಸಿಗೆ ನಿಭಾಯಿಸುವ ಪ್ರತಿಯೇ ಇರುವುದಿಲ್ಲ.

ಬರೀ ವಿಎಸ್‌ಡಿ ಇದ್ದು ಬೇರೇನೂ ಇಲ್ಲದಿದ್ದರೆ, ಮುಂದಿನ ಕೂಸಿಗೆ ಹೃದಯದ ದೋಷ ಬರುವ ಸಾಧ್ಯತೆ ಸಾಮಾನ್ಯವಾಗಿ 100ಕ್ಕೆ 3ರ ಆಸುಪಾಸು. ನಿಮ್ಮ ತಂಗಿಗೆ ಅದಕ್ಕಿಂತ ತುಸು ಹೆಚ್ಚು ಹಿಡಿಯಬೇಕು. ಆದರೆ ಸೀಳು ಅಂಗುಳ, ಹೆಬ್ಬೆರಳಿನ ದೋಷ, ಕಿವಿಯ ಆಕಾರ ಬೇರೆ, ಕ್ಯಾಲ್ಸಿಯಂ ಇಳಿದು ಫಿಟ್ಸ್, ಇಂಥವು ಜೊತೆಗಿದ್ದರೆ ಲೆಕ್ಕವೇ ಬದಲು. ಆಗ ಕೂಸಿನ ಕ್ರೋಮೋಸೋಮ್ ಪರೀಕ್ಷೆ ಬೇಕು. ಎರಡೂ ಪ್ರತಿ ಕೆಟ್ಟು ಬಂದ ಕಾಯಿಲೆ ಅಂತ ತಿಳಿದರೆ ಪ್ರತಿ ಬಸಿರಿಗೂ 4ರಲ್ಲಿ 1. ಒಂದು ಸಲ ಬಂದಿದೆ, ಇನ್ನು ಮೂರು ಸಲ ಬರುವುದಿಲ್ಲ ಅಂತ ಅರ್ಥವಲ್ಲ. ಹಾಗೆ ತಿಳಿದೇ ಹಲವರು ಎಡವುತ್ತಾರೆ.

ಮುಂದಿನ ಬಸಿರಿಗೆ ತಯಾರಿ ಮೊದಲೇ ನಡೆಯಬೇಕು, ಯಾಕಂದರೆ ಮುಟ್ಟು ನಿಂತು ದವಾಖಾನೆಗೆ ಬರುವಷ್ಟರಲ್ಲಿ ಹೃದಯದ ಗೋಡೆಗಳು ಬಹುಪಾಲು ಕಟ್ಟಿಯಾಗಿರುತ್ತವೆ. ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಅಂಗಡಿಯ 5 ಮಿ.ಗ್ರಾಂ ಗುಳಿಗೆ ಅದರ ಹನ್ನೆರಡೂವರೆ ಪಟ್ಟು, ಅದನ್ನು ಡಾಕ್ಟರ್ ಬರೆದರಷ್ಟೇ. ಸಕ್ಕರೆ ಇದ್ದರೆ ಹತೋಟಿಗೆ ಬರಲಿ. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಹಾಕಿಸಿ ಒಂದು ತಿಂಗಳು ಬಿಟ್ಟು ಬಸಿರು. 18ರಿಂದ 22 ವಾರದ ನಡುವೆ ಭ್ರೂಣದ ಎಕೋ ಅಂತಲೇ ಕೇಳಿ ಮಾಡಿಸ್ರಿ, ಸಾಮಾನ್ಯ ಸ್ಕ್ಯಾನಿಂಗ್ ಸಾಲದು. ಭ್ರೂಣದ ಎಕೋದಲ್ಲೂ ಸಣ್ಣ ತೂತು ಕಾಣದೆ ಹೋಗಬಹುದು.

ಪ್ರಶ್ನೆ (ಗುರುಮಠಕಲ್): ನಮ್ಮ ಅಣ್ಣನ ಮಗಳಿಗೆ 7 ವರ್ಷ, ಹುಟ್ಟಿದಾಗಿಂದ ಎರಡೂ ಕಿವಿ ಕೇಳಲ್ಲ. ಓಡಿದ್ರ, ಬೆದರಿದ್ರ ಧಪ್ಪಂತ ಬೀಳ್ತಾಳ. ಫಿಟ್ಸ್ ಗುಳಿಗಿ ನಡದಾವ, ಕಮ್ಮಿ ಇಲ್ಲ. ಅಣ್ಣ-ಅತ್ತಿಗೀದೂ ಸಂಬಂಧದಾಗೇ ಮದುವಿ.

ಉತ್ತರ (ಮಕ್ಕಳ ಹೃದಯ ತಜ್ಞರು): ಇದಕ್ಕೆ ನಾಳೆಯೇ ಇಸಿಜಿ ಆಗಬೇಕ್ರಿ. ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತದೆ. 'ಕ್ಯೂಟಿಸಿ ಎಷ್ಟು' ಅಂತ ಕೇಳಿ ಬರೆಸಿಕೊಳ್ರಿ. ಕ್ಯೂಟಿ ಅಂದರೆ ಬಡಿತದ ಕರೆಂಟ್ ಕೆಳಕೋಣೆಯಲ್ಲಿ ಶುರುವಾಗಿ ಅದು ಸುಧಾರಿಸಿಕೊಳ್ಳುವವರೆಗಿನ ಹೊತ್ತು, ಕ್ಯೂಟಿಸಿ ಅದನ್ನೇ ಬಡಿತದ ವೇಗಕ್ಕೆ ಹೊಂದಿಸಿದ ಲೆಕ್ಕ. 460 ಮಿಲಿಸೆಕೆಂಡ್ ಒಳಗಿರಬೇಕು. ಹುಟ್ಟುಕಿವುಡಿನ ಜೊತೆ ಬರುವ ಒಂದು ಕಾಯಿಲೆಯಲ್ಲಿ ಅದು 500 ದಾಟುವುದೇ ಹೆಚ್ಚು. ಒಳಕಿವಿಯ ದ್ರವಕ್ಕೆ ಪೊಟ್ಯಾಶಿಯಂ ತುಂಬುವ ಬಾಗಿಲು, ಹೃದಯದ ಕೋಶ ಬಡಿದ ಮೇಲೆ ಪೊಟ್ಯಾಶಿಯಂ ಹೊರಹಾಕಿ ಸುಧಾರಿಸಿಕೊಳ್ಳುವ ಬಾಗಿಲು, ಎರಡನ್ನೂ ಕಟ್ಟುವುದು ಒಂದೇ ಜೀನ್. ಎರಡೂ ಪ್ರತಿ ಕೆಟ್ಟರೆ ಕಿವಿಯೂ ಹೋಗುತ್ತದೆ, ಓಡಿದಾಗ ಬಡಿತ ಅಡ್ಡಾದಿಡ್ಡಿಯಾಗಿ ಮೆದುಳಿಗೆ ರಕ್ತ ನಿಲ್ಲುತ್ತದೆ. ನೋಡಿದವರಿಗೆ ಅದು ಫಿಟ್ಸ್ ಥರಾನೇ.

ಇಸಿಜಿ ಬರುವವರೆಗೆ ಓಟ, ಈಜು ಬಂದ್. ಕ್ಯೂಟಿ ಉದ್ದವಿದ್ದರೆ ಪ್ರೊಪ್ರನೊಲಾಲ್ ಥರದ ಔಷಧ ದಿನ ತಪ್ಪದೆ ಬೇಕಾಗುತ್ತದೆ. ಎರಡು ದಿನ ಮರೆತರೂ ಅಪಾಯ. ಜ್ವರ-ವಾಂತಿಗೆ ಅಂಗಡಿಯವರು ಕೊಡುವ ಅಜಿತ್ರೋಮೈಸಿನ್, ಒಂಡನ್ಸೆಟ್ರಾನ್, ಡೊಂಪೆರಿಡೋನ್ ಬೇಡವೇ ಬೇಡ, ಕ್ಯೂಟಿ ಇನ್ನೂ ಉದ್ದವಾಗುತ್ತದೆ. ಫಿಟ್ಸ್ ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡ್ರಿ. ತಂದೆ-ತಾಯಿ, ಒಡಹುಟ್ಟಿದವರು, ಕಿವಿ ಸರಿ ಇದ್ದವರೂ ಸೇರಿ ಎಲ್ಲರ ಇಸಿಜಿ ಆಗಲಿ. ಒಂದೇ ಪ್ರತಿ ಕೆಟ್ಟಿದ್ದರೂ ಕೆಲವರಲ್ಲಿ ಕ್ಯೂಟಿ ಉದ್ದ ಇರುತ್ತದೆ.

ಬಿದ್ದು ಎಚ್ಚರ ಇಲ್ಲ, ಸರಿಯಾಗಿ ಉಸಿರಿಲ್ಲ ಅಂದರೆ ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಹೊತ್ತು ಕಳೆಯಬೇಡ್ರಿ. ಒಬ್ಬರು 108ಕ್ಕೆ ಫೋನ್, ಇನ್ನೊಬ್ಬರು ಎದೆಯ ನಡುಮಧ್ಯ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು.

ಪ್ರಶ್ನೆ (ಹುಮನಾಬಾದ್): ನಮ್ಮ ಅಪ್ಪಾಜಿ ಎಕೋದಾಗ 'ಇಎಫ್ 60' ಬಂದದ. 40 ಪರ್ಸೆಂಟ್ ಹಾರ್ಟ್ ಕೆಟ್ಟದೇನ್ರಿ?

ಉತ್ತರ (ಮಕ್ಕಳ ಹೃದಯ ತಜ್ಞರು): ಇಲ್ರಿ. ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ 100ಕ್ಕೆ ಎಷ್ಟು ಹೊರಹೋಗುತ್ತದೆ ಅನ್ನುವುದೇ ಇಎಫ್. 120 ಮಿ.ಲೀ. ತುಂಬಿದರೆ 70 ಮಿ.ಲೀ.ಯಷ್ಟು ಹೊರಹೋಗುತ್ತದೆ, ಉಳಿದದ್ದು ಒಳಗೇ. 55ರಿಂದ 70 ಎಲ್ಲರಿಗೂ ಸಹಜ. 100 ಯಾರಿಗೂ ಬರುವುದಿಲ್ಲ.

ಪ್ರಶ್ನೆ (ಸೇಡಂ): ಸಾಹೇಬ್ರ, ರಿಪೋರ್ಟ್ ಮತ್ತ ನೋಡ್ದೆ. ಎಡಗಡಿ ಕೋಣಿ ನಾರ್ಮಲ್, ಕವಾಟ ಸೋರಿಕಿ ಇಲ್ಲ ಅಂತದ. ಮತ್ತ ಯಾವಾಗ ತೋರಸ್ಬೇಕ್ರಿ?

ಉತ್ತರ (ಮಕ್ಕಳ ಹೃದಯ ತಜ್ಞರು): ಔಷಧ ಬೇಕಾಗಲಿಕ್ಕಿಲ್ಲ. ಒಂದು ತಿಂಗಳಿಗೆ ತೂಕದ ಚೀಟಿ ಹಿಡಿದು ಮಕ್ಕಳ ಡಾಕ್ಟರಿಗೆ ತೋರಿಸ್ರಿ, 6 ತಿಂಗಳು ತುಂಬಿದಾಗ ಕಲಬುರಗಿ ಜಯದೇವದಲ್ಲಿ ಮತ್ತೊಮ್ಮೆ ಎಕೋ. ಲಸಿಕೆ ಒಂದೂ ತಪ್ಪಿಸಬೇಡ್ರಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ, ಈಗಲೇ ಹೆಸರು ಬರೆಸಿಡ್ರಿ. ಮುಂದೆ ಆಪರೇಷನ್ ಅಂತ ಬಂದರೆ ಕಾಗದಪತ್ರಕ್ಕೆ ಓಡಾಡುವುದು ತಪ್ಪುತ್ತದೆ.