ಪಟಕ್ಕೆ ‘ಅರ್ಥ ಹೇಳುವುದು’: ಈ ಬಳಕೆ ಎಲ್ಲ ಕಡೆ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಾವು ಐದಾರು ಜನ ಸೇರಿ ಕತೆ ಹೇಳುವ ಫೋಟೋಗಳ ಪ್ರದರ್ಶನ ಮಾಡುತ್ತಿದ್ದೇವೆ. ಬಾಗಿಲ ಬಳಿ ಹಾಕುವ ಬರಹ ನನ್ನ ಪಾಲಿಗೆ ಬಂದಿದೆ. ನೋಡುವವರು ಪಟದಲ್ಲಿ ಅರ್ಥ ಕಾಣುತ್ತಾರಲ್ಲ, ಆ ಕೆಲಸಕ್ಕೆ ಒಂದು ಒಳ್ಳೆಯ ಕನ್ನಡ ಪದ ಬೇಕಾಗಿದೆ.

‘ಓದು’ ಅಂತ ತುಂಬ ಜನ ಬರೆಯುತ್ತಾರೆ. ಆದರೆ ಓದಬೇಕಾದರೆ ಯಾರೋ ಮೊದಲೇ ಬರೆದಿಟ್ಟಿರಬೇಕು. ‘ಅರ್ಥ ಮಾಡಿಕೊಳ್ಳು’ ಅಂದರೆ ಸರಿಯಾದ ಅರ್ಥ ಒಂದೇ ಎಂಬಂತೆ ಕೇಳುತ್ತದೆ. ‘ಕತೆ ಕಟ್ಟು’ ಅಂದರೆ ಸುಳ್ಳು ಹೇಳಿದ ಹಾಗೆ. ‘ಅರ್ಥೈಸು’ ಬರವಣಿಗೆಯಲ್ಲಿ ಸರಿ, ಬಾಯಿಗೆ ಬರುವುದಿಲ್ಲ.

ನನ್ನದೇ ಒಂದು ಪಟ ಇದೆ. ಮಲ್ಪೆ ಬಂದರಿನಲ್ಲಿ ಒಬ್ಬ ಹೆಂಗಸು ಕವುಚಿ ಹಾಕಿದ ಬುಟ್ಟಿಯ ಪಕ್ಕ ಕೂತಿದ್ದಾರೆ. ಹಿಂದೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ದಾವಣಗೆರೆಯ ಗೆಳೆಯ ನೋಡಿ, “ಪಾಪ, ಕಡಲಿಗೆ ಹೋದ ಗಂಡನಿಗೆ ಕಾಯ್ತಿದ್ದಾರೆ” ಎಂದ. ನಮ್ಮ ಮನೆಗೆ ಮೀನು ತರುವ ಅಕ್ಕ ನಕ್ಕುಬಿಟ್ಟರು. “ಬುಟ್ಟಿಯಿಂದ ನೀರು ಇಳಿದದ್ದು ಕಾಣುವುದಿಲ್ವಾ? ಮೀನು ಖಾಲಿ ಆಗಿದೆ, ತೊಳೆದು ಕವುಚಿದ್ದಾರೆ. ಬಸ್ಸಿಗೆ ಕಾಯುವುದು ಅವರು.” ಆ ನೀರಿನ ಗೆರೆಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಆಮೇಲೆ ಕೆಳಗೆ ‘ಜೂನ್’ ಅಂತ ಒಂದೇ ಪದ ಬರೆದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. “ಹಾಗಾದ್ರೆ ಅದು ಮಳೆ ನೀರು” ಎಂದರು.

ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1964ರಲ್ಲಿ ಇಂಥ ಅಡಿಬರಹವನ್ನು ಲಂಗರಿಗೆ ಹೋಲಿಸಿದ್ದರು. ತೇಲಾಡುವ ಅರ್ಥಗಳಲ್ಲಿ ಒಂದನ್ನು ಅದು ಹಿಡಿದು ನಿಲ್ಲಿಸುತ್ತದೆ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿ ಮಕ್ಕಳ ಪಟವೂ ‘ವಲಸೆ ತಾಯಿ’ ಎಂಬ ಹೆಸರಿನಲ್ಲೇ ಊರೂರು ಸುತ್ತಿತು. ಆಕೆಯ ಸ್ವಂತ ಹೆಸರು ಜನರಿಗೆ ತಿಳಿದದ್ದು 1978ರಲ್ಲಿ. ಆ ಪಟದ ಬಗ್ಗೆ ಆಕೆಗೇ ಬೇಸರವಿತ್ತು.

ಇದನ್ನೆಲ್ಲ ಯೋಚಿಸುವಾಗ ತಾಳಮದ್ದಳೆ ನೆನಪಾಯಿತು. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ಅದು. ಭಾಗವತರು ಪದ, ಅಂದರೆ ಪ್ರಸಂಗದ ಹಾಡು, ಹಾಡುತ್ತಾರೆ; ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ. ಇದಕ್ಕೆ ‘ಅರ್ಥಗಾರಿಕೆ’ ಎನ್ನುತ್ತಾರೆ. ಬರೆದುಕೊಂಡು ಬಂದ ಮಾತಲ್ಲ ಅದು. ಪದ ಅದೇ ಇದ್ದರೂ ನಿನ್ನೆ ಕೇಳಿದ ಕರ್ಣ ಬೇರೆ, ಇವತ್ತಿನ ಕರ್ಣ ಬೇರೆ. ಹಾಗಂತ ಬಾಯಿಗೆ ಬಂದದ್ದು ಹೇಳಿದರೆ ಎದುರಿನ ಅರ್ಥಧಾರಿ ಬಿಡುತ್ತಾರಾ? ಪದಕ್ಕೇ ತಂದು ನಿಲ್ಲಿಸುತ್ತಾರೆ. ಮೀನಿನ ಅಕ್ಕ ನನ್ನ ಗೆಳೆಯನಿಗೆ ನೀರಿನ ಗೆರೆ ತೋರಿಸಿದ್ದೂ ಹೀಗೇ ಅಲ್ವಾ?

ಹಾಗಾಗಿ ‘ಪಟಕ್ಕೆ ಅರ್ಥ ಹೇಳುವುದು’, ‘ನೋಡುಗರ ಅರ್ಥಗಾರಿಕೆ’ ಎಂದು ಬರೆಯಬೇಕೆಂದಿದ್ದೇನೆ. ನಮ್ಮ ಕಡೆ ಇದು ತಕ್ಷಣ ತಿಳಿಯುತ್ತದೆ. ಆದರೆ ಹುಬ್ಬಳ್ಳಿ, ಮೈಸೂರು ಕಡೆಯವರಿಗೆ ‘ಅರ್ಥ ಹೇಳು’ ಅಂದರೆ ಶಾಲೆಯಲ್ಲಿ ಮೇಷ್ಟ್ರು ಪದದ ಅರ್ಥ ಕೇಳಿದ ಹಾಗೆ ಅನಿಸುತ್ತದೆಯೇ? ‘ಅರ್ಥಗಾರಿಕೆ’ಯನ್ನು ಯಕ್ಷಗಾನದ ಹೊರಗೆ ಯಾರಾದರೂ ಬಳಸಿದ್ದನ್ನು ಕಂಡಿದ್ದೀರಾ? ನಿಮ್ಮ ಊರಿನಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಫಲಕ ಇನ್ನೂ ಅಚ್ಚಿಗೆ ಹೋಗಿಲ್ಲ.